ಮೂವತ್ತೇಳನೇ ಅರ್ಜಿ

ಸಾವಂತ್ರವ್ವ ಹಾಕಿದ ಕೊಂಡಿಗಳು ಎಡಕ್ಕೆ ವಾಲುತ್ತಿದ್ದವು. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಕೂಡಿಸುವ ಸಣ್ಣ ಕುಣಿಕೆಗಳವು. ಇಳಕಲ್ಲಿನ ಸೀರೆ ವ್ಯಾಪಾರಿಯಾದ ಗಂಡ ಹುಲ್ಲಪ್ಪ ಒಮ್ಮೆ ಅವಳ ಬಲಗೈ ಮುರಿದಿದ್ದ. ಬೆರಳು ಸೊಟ್ಟಗೆ ಕೂಡಿ, ಅಂದಿನಿಂದ ಕೊಂಡಿಯೂ ವಾಲಿತು. ಮುಂದಿನ ಸಲ ಕುತ್ತಿಗೆ ಎಂದು ಅವನು ಹೇಳಿದ ದಿನವೇ ಅವಳು ಮನೆ ಬಿಟ್ಟಳು. ಬಾಗಲಕೋಟೆಯ ನವನಗರದಲ್ಲಿ ಎಲ್ಲರೂ ಅಣೆಕಟ್ಟಿನ ನೀರಲ್ಲಿ ಮುಳುಗಡೆಯಾದ ಕಡೆಯಿಂದ ಬಂದ ಹೊಸಬರೇ. ಯಾರೂ ಯಾರ ಹಿಂದಿನದನ್ನೂ ಕೆದಕುತ್ತಿರಲಿಲ್ಲ. ಅಲ್ಲಿ ಮಗ್ಗ ಹಾಕಿ ಮೂರು ವರ್ಷ ಕಳೆದಿದ್ದಳು.

ನಾನು ಅವಳ ನೇಕಾರ ಸಂಘದ ಕಂಪ್ಯೂಟರ್ ಇಂಜಿನಿಯರ್. ಎಂದರೆ, ಅಲ್ಲಿದ್ದ ಒಂದೇ ಕಂಪ್ಯೂಟರಿನ ಧೂಳು ಒರೆಸುವವನೂ ನಾನೇ. ೨೦೦೪ರಲ್ಲಿ, ಆರು ತಿಂಗಳು ಜಾವಾ ಕಲಿತ ಸೊಕ್ಕಿನಲ್ಲಿ, ವೆಬ್‌ಸೈಟ್ ಕಟ್ಟಿದೆ. ಸೀರೆಯ ಫೋಟೊ ಎಲ್ಲರಿಗೆ. ನೇಯ್ದವರ ಹೆಸರು, ಮನೆ ನಂಬರ್ ಇರುವ ಸದಸ್ಯತ್ವದ ಅರ್ಜಿ ಪಾಸ್‌ವರ್ಡ್ ಇದ್ದವರಿಗೆ ಮಾತ್ರ.

“ನನ್ನ ಮನಿ ನಂಬರ್ ಯಾರಿಗೂ ಕಾಣಂಗಿಲ್ಲ ಹೌದಿಲ್ಲೋ ತಮ್ಮಾ?” ಎಂದಿದ್ದಳು.

“ಕೀಲಿ ಜಡದೇನಿ ಯಕ್ಕಾ.”

ಒಂದು ಬೆಳಿಗ್ಗೆ ಫೋನು. “ಮೂವತ್ತೇಳನೇ ಫೋಟೊದಾಗಿನ ಸೀರಿ ಯಾರ ಕೈದ್ರಿ? ಕೊಂಡಿ ಎಡಕ್ಕ ಅದಾವ.”

“ಹೇಳಾಂಗಿಲ್ರಿ. ಅರ್ಜಿನೂ ಅದ ನಂಬರಿಲೆ ಐತಿ, ಖರೆ ಕೀಲಿ ಹಾಕೇನ್ರಿ!”

ಆ ಕಡೆಯವನು ನಕ್ಕ. “ಇರ್ಲಿ ಬಿಡ್ರಿ. ನಮ್ಮ ಅಂಗಡ್ಯಾಗೂ ಕಂಪ್ಯೂಟರ್ ಕಲ್ತಾವ ಒಬ್ಬ ಅದಾನ.”

ಆ ನಗು ಕಿವಿಯಿಂದ ಹೋಗಲಿಲ್ಲ. ಪಾಸ್‌ವರ್ಡ್ ಕೊಡದೆಯೇ ಆ ಫೋಟೊದ ವೆಬ್ ವಿಳಾಸ ತೆರೆದು, ಕೊನೆಯ ‘ಜೆಪಿಜಿ’ ಅಳಿಸಿ ಅರ್ಜಿ ಫೈಲುಗಳ ಬಾಲವಾದ ‘ಡಾಕ್’ ಎಂದು ಒತ್ತಿದೆ. ಅರ್ಜಿ ತೆರೆದುಕೊಂಡಿತು. ಸಾವಂತ್ರವ್ವ, ಸೆಕ್ಟರ್, ಮನೆ ನಂಬರ್. ನಾನು ಕೀಲಿ ಹಾಕಿದ್ದು ಲಾಗಿನ್ ಪುಟಕ್ಕೆ. ಫೈಲುಗಳು ಬಯಲಲ್ಲೇ ಬಿದ್ದಿದ್ದವು. ಜಾವಾದಲ್ಲಿ ವೆಬ್-ಇನ್ಫ್ ಎಂಬ ಫೋಲ್ಡರ್ ಇರುವುದೇ ಇದಕ್ಕೆ: ಅದರೊಳಗಿನ ಫೈಲನ್ನು ಹೊರಗಿನವರು ನೇರವಾಗಿ ಕೇಳಿದರೆ ಸರ್ವರ್ ಕೊಡುವುದಿಲ್ಲ. ಆ ಪಾಠದ ದಿನ ನಾನು ಮಿರ್ಚಿ ತಿನ್ನಲು ಹೋಗಿದ್ದೆ.

ಎಲ್ಲ ಅರ್ಜಿಗಳನ್ನೂ ಅದರೊಳಗೆ ಸರಿಸಿದೆ. ಆಮೇಲೆ, ಯಾರು ಏನು ತೆರೆದರೆಂದು ಸರ್ವರ್ ಬರೆದಿಟ್ಟ ದಾಖಲೆ ನೋಡಿದೆ. ಮೂವತ್ತೇಳನೇ ಅರ್ಜಿ ನನಗಿಂತ ಹತ್ತು ನಿಮಿಷ ಮೊದಲೇ ಇನ್ನೊಬ್ಬರಿಗೆ ತೆರೆದಿತ್ತು.

ಸೈಕಲ್ ಹತ್ತಿ ಅವಳ ಮನೆಗೆ ಧಾವಿಸಿದೆ. ಸಾವಂತ್ರವ್ವ ಎಲ್ಲ ಕೇಳಿದಳು, ಬೈಯಲಿಲ್ಲ. ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಚೀಲಕ್ಕೆ ತುರುಕಿದಳು.

“ಈಗ ಭದ್ರ ಮಾಡೇನಿ ಯಕ್ಕಾ.”

“ಊರು ಸೂರಿ ಹ್ವಾದಮ್ಯಾಲೆ ಅಗಸಿ ಬಾಗಲಾ ಹಾಕಿದಿ.”

“ಎಲ್ಲಿಗೆ ಹೋಗ್ತಿ?”

“ಕೇಳಬ್ಯಾಡ. ಹೇಳಿದ್ರ ಎಲ್ಲೆರ ಬರದ ಇಡ್ತಿ.”

ಅವಳು ಹಿತ್ತಲಿನಿಂದ ಹೊರಟಳು. ನಾನು ಖಾಲಿ ಮಗ್ಗದ ಎದುರು ಕುಳಿತೆ. ಮಧ್ಯಾಹ್ನ ಜೀಪೊಂದು ಮನೆಯಿಂದ ಮನೆಗೆ ನಂಬರ್ ನೋಡುತ್ತ ನಿಧಾನವಾಗಿ ಬಂತು.