ಅಮ್ಮ ದೂರ

ಊರಿನವರ ಬಾಯೊಳಗಿನ ಗುಟ್ಟೆಲ್ಲ ಹಲ್ಲಕ್ಕನಿಗೆ ಗೊತ್ತು ಎಂದು ಕೆಲಸದ ಜಾಗದಲ್ಲಿ ತಮಾಷೆ ಮಾಡುತ್ತಿದ್ದರು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಒಮ್ಮೊಮ್ಮೆ ಮುರಿದ ಹಳೆಯ ಸೆಟ್ಟುಗಳು ತಿಂದದ್ದರ ಸಮೇತ ರಿಪೇರಿಗೆ ಬರುತ್ತಿದ್ದವು. ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರೆ ಇವಳು ಬ್ರಷ್ ಹಿಡಿದು ಕೂರುವಳು. "ಹಲ್ಲಿಗೇನು ಗೊತ್ತು ಪಾಪ, ತಾನು ಯಾರ ಬಾಯಲ್ಲಿದ್ದೆ ಅಂತ!" ಎನ್ನುವಳು. ಅವಳಿಗೆ ಹೇಸಿಗೆ ಹುಟ್ಟಿಸಿದ ಮನುಷ್ಯ ಲೋಕದಲ್ಲಿ ಒಬ್ಬನೇ. ಹೆತ್ತಪ್ಪ.

ಅಪ್ಪ, ಅಮ್ಮ ಇಬ್ಬರೂ ರಷ್ಯನ್ ಮಾತಾಡುವವರು. ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ಹಲ್ಲಕ್ಕ ಹುಟ್ಟಿದ್ದೂ ಇಲ್ಲೇ. ಅವಳಿಗೆ ಒಂಬತ್ತು ವರ್ಷವಾದಾಗ ಅಮ್ಮ ಹಾಸಿಗೆ ಹಿಡಿದಳು. ಕೋಣೆಯ ವಾಸನೆ ತಡೆಯಲಾರದೆ ಅಪ್ಪ ಬಾಗಿಲಲ್ಲೇ ನಿಂತು, ಕರವಸ್ತ್ರ ಮೂಗಿಗೊತ್ತಿಕೊಂಡು ಅಮ್ಮನನ್ನು ಮಾತಾಡಿಸುತ್ತಿದ್ದ. ಒಂದು ದಿನ ಔಷಧಿ ತರುತ್ತೇನೆಂದು ಹೋದವನು ಹೆಂಡತಿಯನ್ನು ಮಣ್ಣು ಮಾಡುವಾಗಲೂ ಬರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆಂದು ಆಮೇಲೆ ತಿಳಿಯಿತು. ಎದುರುಮನೆಯ ಟೀಚರಮ್ಮ ಹುಡುಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿ, ಓದಿಸಿ, ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನಿಗೆ ಮದುವೆ ಮಾಡಿಕೊಟ್ಟಳು. ಅಮ್ಮನ ಭಾಷೆ ಅವಳ ಬಾಯಿಂದ ಬಿದ್ದೇಹೋಗಿತ್ತು.

ಆದರೆ ಮಗಳು ಹುಟ್ಟಿ, ದಾದಿ ಆ ಕೆಂಪು ಮುದ್ದೆಯನ್ನು ತಂದು ಎದೆಯ ಮೇಲಿಟ್ಟಾಗ ಬಾಯಿಗೆ ಬಂದದ್ದು ಅಮ್ಮನ ಮಾತೇ. ಎಲ್ಲಿ ಅಡಗಿ ಕೂತಿತ್ತೋ! ಅವತ್ತೇ ತೀರ್ಮಾನ ಮಾಡಿದಳು, ಮಗಳು ಗುಬ್ಬಿಯ ಜೊತೆ ತಾನು ರಷ್ಯನ್ನಿನಲ್ಲೇ ಮಾತಾಡುತ್ತೇನೆ ಎಂದು. ಗಂಡ ತಲೆಯಾಡಿಸಿದ. ಮೂರು ವರ್ಷ ಎಲ್ಲ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಚಮಚ, ಚಂದ್ರ, ಬೂಟು, ಉಗುಳಬೇಡ, ಇಲ್ಲಿ ಬಾ, ಚಿನ್ನ. ಗುಬ್ಬಿಗೆ ನಾಲ್ಕಾಗುತ್ತಿದ್ದಂತೆ ಪ್ರಶ್ನೆಗಳು ಶುರುವಾದವು.

"ಮೋಡ ಯಾಕೆ ಕೆಳಗೆ ಬೀಳಲ್ಲ?"

ಹಲ್ಲಕ್ಕ ಬಾಯಿ ತೆರೆದಳು, ಮಾತಿಲ್ಲ. ಅವಳ ರಷ್ಯನ್ನಿಗೆ ಇನ್ನೂ ಒಂಬತ್ತೇ ವರ್ಷ. ತಡವರಿಸಿದಳು, ಕೈ ತಿರುಗಿಸಿದಳು. ಗುಬ್ಬಿ ಕಾದು ಕಾದು, ಅಪ್ಪ ಆಡುವ ಊರಿನ ಭಾಷೆಯಲ್ಲಿ, "ನೆಟ್ಟಗೆ ಹೇಳಮ್ಮ" ಎಂದಳು. ಅಂದಿನಿಂದ ಅಮ್ಮ ಒಂದು ಭಾಷೆಯಲ್ಲಿ ಕೇಳಿದರೆ ಮಗಳು ಇನ್ನೊಂದರಲ್ಲಿ ಉತ್ತರ ಕೊಡುವುದು ರೂಢಿಯಾಯಿತು.

"ಗುಬ್ಬಿಗೆ ಭಾಷೆ ಕಲಿಸೋಕೆ ನಿಮ್ಮಪ್ಪ ಇದ್ದಾರಲ್ಲ," ಎಂದ ಗಂಡ ಒಂದು ಸಂಜೆ. "ಈಗ ಒಬ್ಬರೇ ಇದ್ದಾರಂತೆ."

"ಊಟ ಮಾಡ್ತಿದೀನಿ ರೀ. ಆ ಮನುಷ್ಯನ ಮಾತೆತ್ತಬೇಡಿ."

"ಕಾರ್ಯವಾಸಿ ಕತ್ತೆ ಕಾಲು ಹಿಡಿ ಅಂತಾರೆ."

"ಕತ್ತೆ ಆಗಿದ್ರೆ ಹಿಡೀತಿದ್ದೆ."

ಕೊನೆಗೆ ಹಿಡಿದಳು. ಭಾನುವಾರ ಭಾನುವಾರ ಮುದುಕ ಬರತೊಡಗಿದ. ಬಂದವನೇ ಸೋಫಾದಲ್ಲಿ ಕೂತು ಸಾಕ್ಸ್ ಬಿಚ್ಚಿ ಪಕ್ಕದಲ್ಲಿ ಹರವುವನು. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಟೀ ಲೋಟಕ್ಕೆ ಉಗಿಯುವನು. ಊಟವಾದ ಮೇಲೆ ಕಟ್ಟುಹಲ್ಲು ತೆಗೆದು, ಅದರಲ್ಲಿ ಸಿಕ್ಕಿಕೊಂಡದ್ದನ್ನು ಮಗುವಿನ ಚಮಚದ ಹಿಡಿಯಿಂದ ಕೆದಕುವನು. ದಿನವಿಡೀ ಊರವರ ಹಲ್ಲು ತಿಕ್ಕುವ ಹಲ್ಲಕ್ಕ ಆ ಚಮಚವನ್ನು ಇಕ್ಕಳದಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದಳು.

ಆದರೆ ಗುಬ್ಬಿ? ಅವಳಿಗೆ ದೇದ ಎಂದರೆ ಪ್ರಾಣ. ದೇದ ಎಂದರೆ ಆ ಭಾಷೆಯಲ್ಲಿ ತಾತ. ಮೋಡ ಯಾಕೆ ಬೀಳುವುದಿಲ್ಲ, ತಿಮಿಂಗಿಲ ಎಲ್ಲಿ ಮಲಗುತ್ತದೆ, ಎಲ್ಲಕ್ಕೂ ದೇದನ ಬಳಿ ಗಂಟೆಗಟ್ಟಲೆ ಉತ್ತರ. ಎರಡೇ ತಿಂಗಳಲ್ಲಿ ಮಗು ಅರಳು ಹುರಿದ ಹಾಗೆ ರಷ್ಯನ್ ಮಾತಾಡತೊಡಗಿತು. ಅಷ್ಟು ಚೆಂದದ ಮಾತು ಅಂಥ ಕೊಳಕು ಬಾಯಿಂದ ಬರುತ್ತಿದೆಯಲ್ಲ ಎಂದು ಹಲ್ಲಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಗ್ಗೆ ಅವಳ ಕೈಜಾರಿ ಹಾಲು ಚೆಲ್ಲಿತು. ಗುಬ್ಬಿ ಸಕ್ಕರೆಯಂಥ ದನಿಯಲ್ಲಿ, "ಅಮ್ಮ ದೂರ" ಎಂದಳು.

"ಎಲ್ಲಿ ದೂರ ಕಂದ? ಇಲ್ಲೇ ಇದ್ದಾಳಲ್ಲ!" ಎಂದು ಗಂಡ ನಕ್ಕ.

ಹಲ್ಲಕ್ಕ ನಗಲಿಲ್ಲ. ರಷ್ಯನ್ನಿನಲ್ಲಿ ದೂರ ಎಂದರೆ ಬುದ್ಧಿಯಿಲ್ಲದ ಹೆಂಗಸು. ಮುದುಕ ಅವಳಮ್ಮನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಹಾಗೆ ಕರೆದದ್ದೇ ಹೆಚ್ಚು. ಭಾನುವಾರ ಅವನು ಹೊಸಿಲು ದಾಟುವ ಮೊದಲೇ ತರಾಟೆಗೆ ತೆಗೆದುಕೊಂಡಳು. ಮುದುಕ ಹಲ್ಲು ಕಿರಿದ. "ಪ್ರೀತಿಗೆ ಅಂದೆನಮ್ಮ. ನಿಮ್ಮಮ್ಮ ಯಾವತ್ತಾದ್ರೂ ಬೇಜಾರು ಮಾಡ್ಕೊಂಡಿದ್ಲಾ?"

ಅದನ್ನೂ ನುಂಗಿಕೊಂಡಳು. ನುಂಗಲಾಗದ್ದು ಬಂದದ್ದು ಆ ಮಧ್ಯಾಹ್ನ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಗುಬ್ಬಿ ದೇದನನ್ನು ಅಜ್ಜಿಯ ವಿಷಯ ಕೇಳುವುದು ಕೇಳಿಸಿತು. ಮುದುಕ ದನಿ ತಗ್ಗಿಸಿ, ಮೂಗು ಸೇದುತ್ತಾ ಹೇಳುತ್ತಿದ್ದ. "ಕೊನೆ ದಿನದವರೆಗೂ ನಿಮ್ಮಜ್ಜಿಗೆ ನಾನೇ ತುತ್ತು ಹಾಕಿದೆ ಪುಟ್ಟಿ. ಅವಳ ಕೈ ಹಿಡ್ಕೊಂಡೇ ಕೂತಿದ್ದೆ."

ಹಲ್ಲಕ್ಕ ಸೋಪಿನ ಕೈಯಲ್ಲೇ ಒಳಗೆ ಹೋಗಿ ನಿಂತಳು. ಮಗುವಿಗೂ ಅರ್ಥವಾಗಲೆಂದು, ತನ್ನ ಹರಕುಮುರುಕು ರಷ್ಯನ್ನಿನಲ್ಲಿಯೇ, "ಸುಳ್ಳು! ನೀನು ಬಿಟ್ಟು ಹೋದೆ!" ಎಂದಳು.

ಆ ಭಾಷೆಯಲ್ಲಿ ನಡೆದು ಹೋಗುವುದಕ್ಕೆ ಒಂದು ಮಾತು, ಗಾಡಿ ಹತ್ತಿ ಹೋಗುವುದಕ್ಕೆ ಇನ್ನೊಂದು. ಅವಳ ಬಾಯಿಗೆ ಬಂದದ್ದು ನಡೆದು ಹೋಗುವ ಮಾತು. ಮುದುಕ ಮೇಷ್ಟರ ಹಾಗೆ ಬೆರಳೆತ್ತಿ, "ತಪ್ಪು. ಹಾಗನ್ನಬಾರದು. ನಾನು ಬಸ್ಸಲ್ಲಿ ಹೋಗಿದ್ದು" ಎಂದು ಸರಿಯಾದ ಮಾತು ಹೇಳಿಕೊಟ್ಟ.

ಹಲ್ಲಕ್ಕ ಸಾಕ್ಸ್ ಎರಡನ್ನೂ ಬೆರಳ ತುದಿಯಲ್ಲಿ ಎತ್ತಿ ಅವನ ಮಡಿಲಿಗೆಸೆದಳು. "ಥೂ! ನಡಿ ಆಚೆಗೆ. ನಡ್ಕೊಂಡಾದ್ರೂ ಹೋಗು, ಬಸ್ಸಲ್ಲಾದ್ರೂ ಹೋಗು."

ಅವನು ಹೋದ ಮೇಲೆ ಗುಬ್ಬಿ ರಷ್ಯನ್ನಿನಲ್ಲಿ ತುಟಿ ಎರಡು ಮಾಡಲಿಲ್ಲ. ಭಾನುವಾರ ಬಂದರೆ ಕಿಟಕಿಗೆ ಹಣೆ ಒತ್ತಿ ನಿಲ್ಲುವಳು. ಹಲ್ಲಕ್ಕ ಚಿತ್ರದ ಪುಸ್ತಕ ತಂದಳು, ಕಾರ್ಟೂನು ಹಾಕಿದಳು. ಯಾವುದೂ ನಾಟಲಿಲ್ಲ. ಒಂದು ದಿನ ಕೆಲಸದಿಂದ ಬಂದಾಗ ಮೇಜಿನ ಕೆಳಗಿಂದ ಮಾತು ಕೇಳಿಸಿತು. ಗುಬ್ಬಿ ಗೊಂಬೆಗೆ ಕಥೆ ಹೇಳುತ್ತಿದ್ದಳು, ರಷ್ಯನ್ನಿನಲ್ಲಿ. ನಡುನಡುವೆ ಥೇಟ್ ಮುದುಕನ ಹಾಗೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಹಲ್ಲಕ್ಕ ಚಪ್ಪಲಿ ಬಿಡದೆ ಅಲ್ಲೇ ನಿಂತು ಕೇಳಿದಳು. ಅರ್ಧ ಪದಗಳು ಅವಳಿಗೇ ಗೊತ್ತಿರಲಿಲ್ಲ. ಅಮ್ಮ ಬದುಕಿದ್ದರೆ ತನಗೂ ಇವೆಲ್ಲ ಬರುತ್ತಿದ್ದವು.

ಮಾರನೆಯ ದಿನ ಮುದುಕನ ಕೋಣೆಗೆ ಹೋದಳು. ಕೂರು ಎಂದರೂ ಕೂರಲಿಲ್ಲ.

"ಭಾನುವಾರ ಬಾ. ಬೈಗುಳ ಆಡಬಾರದು. ಸುಳ್ಳು ಹೇಳಬಾರದು. ನನ್ನಮ್ಮನ ಸುದ್ದಿ ನಿನ್ನ ಬಾಯಲ್ಲಿ ಬರಕೂಡದು. ನಾನು ಎದುರಿಗೇ ಕೂತಿರ್ತೀನಿ."

ಮುದುಕನ ಕಣ್ಣು ತುಂಬಿತು. "ಹಾಗಾದ್ರೆ ಕ್ಷಮಿಸಿದ್ಯಾ?"

"ಇಲ್ಲ. ನಿನ್ನ ಮಾತು ಬೇಕು. ನೀನು ಬೇಡ."

ಹೀಗೆ ಮತ್ತೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಹಲ್ಲಕ್ಕ ಎದುರಿನ ಕುರ್ಚಿಯಲ್ಲಿ ಬಟ್ಟೆ ಮಡಚುತ್ತಾ ಕಾವಲು ಕೂರುವಳು. ಮುದುಕ ತಪ್ಪಿ ಹಳೆಯ ಚಾಳಿಗೆ ಹೊರಳಿದರೆ ಒಮ್ಮೆ ಕೆಮ್ಮುವಳು. ಕೂತು ಕೂತು ಅವಳ ಭಾಷೆಯೂ ಬಲಿಯಿತು. ಅಜ್ಜಿಗೆ ಗಂಜಿ ಕುಡಿಸುತ್ತಿದ್ದದ್ದೂ ಕೊನೆಗೆ ಹತ್ತಿರ ಇದ್ದದ್ದೂ ದೇದನಲ್ಲ, ಒಂಬತ್ತು ವರ್ಷದ ತಾನು ಎಂಬುದನ್ನು ಒಂದು ದಿನ ತಾನೇ ಮಗಳಿಗೆ ರಷ್ಯನ್ನಿನಲ್ಲಿ ಹೇಳಿದಳು. ಗುಬ್ಬಿ ಮುಂದಿನ ಭಾನುವಾರ ಎಂದಿನಂತೆ ಓಡಿಹೋಗಿ ದೇದನ ಮಡಿಲೇರಿದಳು.

ಹೇಸಿಗೆ ಹೋಗಲಿಲ್ಲ. ಅವನು ಎದ್ದು ಹೋದ ಕೂಡಲೇ ಇವತ್ತಿಗೂ ಸೋಫಾವನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಾಳೆ. ಈಚೆಗೆ ಅದನ್ನು ನೋಡುತ್ತಾ ನಿಂತಿದ್ದ ಗುಬ್ಬಿ ಕೇಳಿದಳು.

"ನಿಂಗೆ ದೇದನ್ನ ಕಂಡ್ರೆ ಆಗಲ್ಲ, ಅಲ್ವಾ?"

"ಆಗಲ್ಲ."

"ನಂಗೆ ಆಗತ್ತೆ."

"ಆಗ್ಲಿ ಬಿಡು. ಹೋಗಿ ದೇದನ ತಟ್ಟೆ ತಗೊಂಡ್ ಬಾ, ತೊಳೀಬೇಕು."