ನಿಮ್ಮ ಮಗಳು ಅಂತ ತಿಳಕೊಳ್ರಿ

ನನ್ನದು ಸುಮ್ಮನಿರುವ ಬಾಯಿಯಲ್ಲ. ಮೈಸೂರಿನಲ್ಲಿ ನಮ್ಮಮ್ಮ, “ಇವಳ ಬಾಯಿಗೆ ಬೀಗ ಹಾಕೋ ಗಂಡ ಸಿಗಲಪ್ಪ” ಅಂತ ದೇವರಿಗೆ ಕೈ ಮುಗಿಯುತ್ತಿದ್ದಳು. ಗಂಡನ ಕೈಲಿ ಆಗದ್ದನ್ನು ಕೊನೆಗೆ ನನ್ನ ಕೆಲಸವೇ ಮಾಡಿತು. ನಾನು ಇಂಟರ್‌ಪ್ರಿಟರ್. ಇಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯಲ್ಲೋ ಕೋರ್ಟಿನಲ್ಲೋ ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಯಲ್ಲೋ ಇಂಗ್ಲಿಷ್ ಬಾರದ ಕನ್ನಡದವರು ಬಂದು ಕೂತರೆ, ಮಧ್ಯದ ಕುರ್ಚಿಯಲ್ಲಿ ಕೂತು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವವಳು.

ಈ ಕೆಲಸದ ಕಟ್ಟುಪಾಡು ಮಡಿ ಇದ್ದ ಹಾಗೆ. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು, ಬುದ್ಧಿವಾದವಂತೂ ಹೇಳಲೇಬಾರದು. “ಅವರು ಹೀಗೆ ಹೇಳ್ತಿದಾರೆ” ಎನ್ನುವುದಕ್ಕೂ ಇಲ್ಲ. ಮಾತಾಡುವವರು “ನಾನು” ಅಂದರೆ ನಾನೂ “ನಾನು” ಅನ್ನಬೇಕು. ಬೆಳಿಗ್ಗೆ ನಾನು ಮಂಡಿನೋವಿನ ತಾತ, ಮಧ್ಯಾಹ್ನ ತುಂಬು ಗರ್ಭಿಣಿ. ಸಂಜೆ ಮನೆಗೆ ಬಂದರೆ ನಮ್ಮವರು ಟೀ ಕೈಗಿಡುತ್ತ, “ಈಗ ಮಾತಾಡ್ತಿರೋದು ಯಾರು, ನನ್ನ ಹೆಂಡ್ತೀನಾ?” ಅಂತ ರೇಗಿಸುತ್ತಾರೆ. ನಾನೂ ನಗುತ್ತಿದ್ದೆ. ಆ ಒಂದು ದಿನ ಮಾತ್ರ ನಗು ಬರಲಿಲ್ಲ.

ಫ್ಲೋರಲ್ ಪಾರ್ಕಿನಲ್ಲಿ ನಮ್ಮ ಮನೆ ಕ್ವೀನ್ಸ್ ಕೌಂಟಿಯ ಕಡೆಗಿದೆ. ಹಿಲ್‌ಸೈಡ್ ಅವೆನ್ಯೂ ಹಿಡಿದು ಸ್ವಲ್ಪ ಡ್ರೈವ್ ಮಾಡಿದರೆ ಪಕ್ಕದ ಕೌಂಟಿ. ಅಲ್ಲಿ, ಒಂದು ದಂತವೈದ್ಯರ ಕ್ಲಿನಿಕ್ಕಿನ ಮೇಲೆ, ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಕಚೇರಿ. ಫಾಸ್ಟರ್ ಮನೆಗಳಲ್ಲಿ, ಅಂದರೆ ಸರ್ಕಾರ ತಂದೆತಾಯಿಯಿಂದ ಬಿಡಿಸಿ ಬೇರೆಯವರ ಮನೆಯಲ್ಲಿ ಇರಿಸಿದ ಮಕ್ಕಳಿಗೆ, ಪೊಲೀಸ್ ಕೇಸಿನಲ್ಲಿ ಸಿಕ್ಕು ಪ್ರೊಬೇಷನ್ ಮೇಲೆ, ಅಂದರೆ ಕೋರ್ಟಿನ ನಿಗಾದಲ್ಲಿ, ಇರುವ ಮಕ್ಕಳಿಗೆ ಕೌಂಟಿಯ ಖರ್ಚಿನಲ್ಲೇ ಕೌನ್ಸೆಲಿಂಗ್. ನಾನು ಹೋದಾಗ ಹೊರಗಿನ ಬೆಂಚಿನಲ್ಲಿ ಹುಡುಗನೊಬ್ಬ ಚಿಪ್ಸ್ ತಿನ್ನುತ್ತ ಕೂತಿದ್ದ. ಅವನ ಕಾಲಿಗೆ, ಎಲ್ಲಿದ್ದಾನೆಂದು ಅಧಿಕಾರಿಗಳಿಗೆ ತಿಳಿಸುವ ಎಲೆಕ್ಟ್ರಾನಿಕ್ ಪಟ್ಟಿ. ನಮ್ಮ ಕನ್ನಡದ ಮಕ್ಕಳಿಗೂ ಈ ಜಾಗಕ್ಕೂ ಎಲ್ಲಿಯ ಸಂಬಂಧ ಅಂತ ಅವತ್ತಿನವರೆಗೆ ನಂಬಿಕೊಂಡಿದ್ದವಳು ನಾನು.

ಒಳಗೆ ಮೂವರಿದ್ದರು. ಕೌನ್ಸೆಲರ್ ಮಧ್ಯವಯಸ್ಸಿನ ಅಮೆರಿಕನ್ ಹೆಂಗಸು, ಮೆತ್ತಗೆ ಮಾತಾಡುವವಳು. ಹುಬ್ಬಳ್ಳಿ ಕಡೆಯ ತಾಯಿ; ಇಂಡಿಯನ್ ಅಂಗಡಿಯೊಂದರ ಹಿಂದಿನ ಅಡುಗೆಮನೆಯಲ್ಲಿ ಚಪಾತಿ ಮಾಡುವ ಕೆಲಸ, ಗಂಡ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಅವಳಿಂದ ಒಂದು ಕುರ್ಚಿ ಬಿಟ್ಟು ಹದಿನೈದು ವರ್ಷದ ಮಗಳು, ಹೂಡಿ ಸ್ವೆಟರಿನ ತೋಳಿನೊಳಗೆ ಬೆರಳೆಲ್ಲ ಮುಚ್ಚಿಕೊಂಡು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಲ್ಲಿನ ನಮ್ಮ ಎಲ್ಲ ಮಕ್ಕಳಂತೆ ಇಂಗ್ಲಿಷಿನಲ್ಲಿ.

ಕೌನ್ಸೆಲರ್ ಮೊದಲೇ ಹೇಳಿದಳು, ಇವತ್ತಿನ ಮಾತು ಯಾಕೆ ಅಂತ. ಮಗಳು ಫಾಸ್ಟರ್ ಮನೆಯಲ್ಲಿದ್ದಾಳೆ. ತಾಯಿಯ ಮನೆಗೆ ಕಳಿಸಬಹುದೋ ಬೇಡವೋ ಎಂದು ತಾನು ಜಡ್ಜಿಗೆ ಅಭಿಪ್ರಾಯ ಕೊಡಬೇಕು. ಆಮೇಲೆ ತಾಯಿಯ ಕಡೆ ತಿರುಗಿ, “ಮಗಳು ಮನೆಗೆ ಬಂದರೆ ನೀವು ಹೇಗೆ ನೋಡಿಕೊಳ್ಳುತ್ತೀರಿ?” ಎಂದು ಕೇಳಿದಳು. ನಾನು ಕನ್ನಡದಲ್ಲಿ ಕೇಳಿದೆ.

ತಾಯಿ ಸೆರಗು ಸರಿಮಾಡಿಕೊಂಡು, ಹೆಡ್‌ಮಾಸ್ಟರರ ಮುಂದೆ ನಿಂತವಳಂತೆ ಕೈ ಜೋಡಿಸಿದಳು. “ನಾ ಏನ್ ನೋಡಿಕೊಳ್ಳೂದ್ರಿ ಮೇಡಂ. ಭಾಳ ಹಟಮಾರಿ ಅದಾಳ್ರಿ ಇಕಿ. ನನ್ನ ಕೈಲೆ ಆಗಂಗಿಲ್ರಿ. ಇನ್ ಮ್ಯಾಲೆ ನಿಮ್ಮ ಮಗಳು ಅಂತ ತಿಳಕೊಳ್ರಿ. ನೀವ ಇಟಗೊಂಡು, ಬೈದು ಬುದ್ಧಿ ಹೇಳಿ, ಒಂದು ದಾರಿಗೆ ಹಚ್ರಿ.”

ಈ ಮಾತು ನನಗೆ ಗೊತ್ತಿಲ್ಲವೇ? ನಮ್ಮಮ್ಮ ನನ್ನ ಮೇಷ್ಟರಿಗೆ ಹೇಳಿದ ಮಾತು ಇದು. ನಮ್ಮಲ್ಲಿ ಯಾವ ತಾಯಿ ಹೇಳುವುದಿಲ್ಲ? ದೊಡ್ಡವರ ಮುಂದೆ ನಮ್ಮ ಮಗುವನ್ನು ನಾವು ಹೊಗಳಬಾರದು. ಹೊಗಳಿದರೆ ದೃಷ್ಟಿ ತಾಗುತ್ತದೆ, ಇಲ್ಲ ನೋಡಿದವರು ‘ಹೆತ್ತವರಿಗೆ ಹೆಗ್ಗಣ ಮುದ್ದು’ ಅಂತ ಮುಸಿಮುಸಿ ನಗುತ್ತಾರೆ. ನಿಮ್ಮ ಮಗಳು ಅಂದುಕೊಳ್ಳಿ ಅಂದರೆ ನಿಮ್ಮ ಮೇಲೆ ನಮಗೆ ಅಷ್ಟು ನಂಬಿಕೆ ಅಂತ. ಯಾರೂ ಅದನ್ನು ಕೇಳಿ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ.

ಆದರೆ ನಾನು ಹೇಳಲೇಬೇಕಿತ್ತು, ಅದೂ “ನಾನು” ಎಂದೇ. ನಾನು ಇವಳನ್ನು ನೋಡಿಕೊಳ್ಳಲಾರೆ. ಇವಳು ಇನ್ನು ನಿಮ್ಮ ಮಗಳು. ನೀವೇ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ನನ್ನ ಬಾಯಿಂದಲೇ ಬಂದ ಈ ಮಾತು ನನ್ನ ಕಿವಿಗೇ ವಿಷದಂತೆ ಕೇಳಿಸಿತು. ಹುಡುಗಿ ತಲೆ ಎತ್ತಲಿಲ್ಲ. ಕೌನ್ಸೆಲರ್ ಕಣ್ಣು ಒಂದು ಗಳಿಗೆ ಮುಚ್ಚಿ ತೆರೆದಳು.

ನಮ್ಮ ಕಟ್ಟುಪಾಡಿನಲ್ಲೂ ಒಂದು ಸಂದಿ ಇದೆ. ಮಾತಿನ ಹಿಂದಿನ ರೂಢಿ ತಿಳಿಯದೆ ಅನರ್ಥವಾಗುತ್ತಿದೆ ಅನ್ನಿಸಿದರೆ, ಇದು ಇಂಟರ್‌ಪ್ರಿಟರ್ ಹೇಳುತ್ತಿರುವುದು ಎಂದು ತಿಳಿಸಿ, ತಾಯಿಯನ್ನೇ ಕೇಳಿ ನೋಡಿ ಎನ್ನಬಹುದು. ತಕ್ಷಣ ಹಾಗೇ ಹೇಳಿದೆ. ನಮ್ಮ ಕಡೆ ತಾಯಂದಿರು ಟೀಚರಿಗೆ, ಡಾಕ್ಟರಿಗೆ ವಿನಯಕ್ಕೆ ಆಡುವ ಮಾತು ಇದು, ಮಗು ಬೇಡ ಅಂತಲ್ಲ. ಅದನ್ನೇ ತಾಯಿಗೂ ಕನ್ನಡದಲ್ಲಿ ಹೇಳಿದೆ, ಅವಳಿಗೆ ತಿಳಿಯದ ಮಾತು ಕೋಣೆಯಲ್ಲಿ ಇರಬಾರದಲ್ಲ.

ಕೌನ್ಸೆಲರ್ ನನ್ನನ್ನೇ ದಿಟ್ಟಿಸಿದಳು. ಅವಳ ಮುಖ ಬಿಳಿಚಿತು. “ಆಸ್ಪತ್ರೆಯವರಿಗೂ ಈಕೆ ಇದನ್ನೇ ಹೇಳಿದ್ದು,” ಎಂದಳು. “ಮಗುವನ್ನು ತೆಗೆದುಕೊಂಡದ್ದೇ ಅದಕ್ಕೆ.”

ಅದನ್ನೂ ತಾಯಿಗೆ ಕನ್ನಡದಲ್ಲಿ ಹೇಳಿದೆ.

ಆಮೇಲೆ ಕೌನ್ಸೆಲರ್ ಒಂದೊಂದಾಗಿ ಕೇಳಿದಳು, ತಾಯಿ ಹೇಳಿದಳು. ಅಪ್ಪ ಹೋದ ಮೇಲೆ ಹುಡುಗಿ ಊಟ ಬಿಟ್ಟಳು, ಕೋಣೆಯಿಂದ ಹೊರಬರಲಿಲ್ಲ. ಶಾಲೆಯಲ್ಲಿ ಒಂದು ದಿನ ಬದುಕೋದೇ ಬೇಡ ಅಂದಳಂತೆ. ಶಾಲೆಯವರು ಆಸ್ಪತ್ರೆಗೆ ಸೇರಿಸಿದರು. ಸ್ವಲ್ಪ ದಿನದ ನಂತರ ಆಸ್ಪತ್ರೆಯಿಂದ ಫೋನ್, ಬಂದು ಮಗಳನ್ನು ಕರೆದುಕೊಂಡು ಹೋಗಿ ಅಂತ. ತಾಯಿ ಕೆಲಸದಲ್ಲಿದ್ದಳು, ಕೈಯೆಲ್ಲ ಹಿಟ್ಟು. ಇಂಟರ್‌ಪ್ರಿಟರ್ ಬೇಕೇ ಅಂತ ಅವರು ಕೇಳಿದರೂ ಮರ್ಯಾದೆಗೆ ಬೇಡ ಅಂದು ತನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದಳು: “ಐ ಕೆನಾಟ್. ಯು ಕೀಪ್. ಯುವರ್ ಡಾಟರ್.” ಅವರು ಗಾಬರಿಯಾಗಿ ಮತ್ತೆ ಕೇಳಿದರು. ಇವಳು ಇನ್ನೂ ವಿನಯದಿಂದ ಮತ್ತೆ ಅದನ್ನೇ ಹೇಳಿದಳು. ಪೂರ್ತಿ ವಾಸಿ ಮಾಡಿ ಕಳಿಸಲಿ ಅಂತ ಅವಳ ಮನಸ್ಸಿನಲ್ಲಿ. ಇಲ್ಲಿ, ಆಸ್ಪತ್ರೆಯಿಂದ ಮಗುವನ್ನು ಕರೆದುಕೊಂಡು ಹೋಗಲ್ಲ ಅಂದರೆ ಹೆತ್ತವರು ಮಗುವನ್ನು ಬಿಟ್ಟುಬಿಟ್ಟರು ಅಂತಲೇ ಲೆಕ್ಕ.

“ಮೊದಲಿಗೆ ಸರಕಾರಿ ಹಾಸ್ಟೆಲ್‌ಗೆ ಹಾಕ್ಯಾರ ಅಂತ ತಿಳಿದಿದ್ನಿರಿ ಅಕ್ಕಾರ,” ಎಂದಳು ತಾಯಿ. “ಅಂಗಡಿಯೊಳಗ ಎಲ್ಲಾರಿಗೂ ಪೇಡೆ ಕೊಟ್ಟೆ. ನನ್ನ ಮಗಳಿಗೆ ಛಲೋ ಮಂದಿ ಸಿಕ್ಕಾರ ಅಂತ.”

ಪೇಡೆ ಹಂಚಿದಳಂತೆ. ನನಗೆ ಕೋಪ ಬಂದರೆ ಯಾರಾದರೊಬ್ಬರ ಮೇಲೆ ಹರಿಹಾಯದೆ ಸಮಾಧಾನವಿಲ್ಲ. ಅವತ್ತು ಹರಿಹಾಯಲು ಒಬ್ಬರೂ ಸಿಗಲಿಲ್ಲ. ಆಸ್ಪತ್ರೆಯವರು ಕೇಳಿದ್ದು ಸರಿ, ಕೌಂಟಿಯವರು ಬಂದಿದ್ದು ಸರಿ, ತಾಯಿ ಆಡಿದ್ದು ನಮ್ಮೂರಿನಲ್ಲಾದರೆ ಸರಿಯೇ. ಎಲ್ಲರೂ ಸರಿ, ಮಗು ಮಾತ್ರ ಬೇರೆಯವರ ಮನೆಯಲ್ಲಿ.

ಇನ್ನು ಎಲ್ಲ ತಿಳಿಯಾಯಿತು, ಹುಡುಗಿಗೂ ಸಮಾಧಾನವಾಗಿರುತ್ತದೆ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅವಳು ಬಾಯಿ ತೆರೆದಳು. ದನಿ ಏರಿಸಲಿಲ್ಲ. ಕೌನ್ಸೆಲರನ್ನು ನೋಡಿ ಇಂಗ್ಲಿಷಿನಲ್ಲೇ ಹೇಳಿದಳು, ತಾಯಿಗೆ ನಾನು ಕನ್ನಡದಲ್ಲಿ ಹೇಳಬೇಕಾಯಿತು. ಹುಡುಗಿಯಾಗಿ, “ನಾನು” ಅಂತ.

“ಅಮ್ಮ ಎಲ್ಲರಿಗೂ ಅದನ್ನೇ ಹೇಳ್ತಾಳೆ. ನನ್ನ ಟೀಚರಿಗೆ, ಹಲ್ಲಿನ ಡಾಕ್ಟರಿಗೆ, ಪಾರ್ಟಿಗೆ ಬಂದ ಆಂಟಿಯರಿಗೆ. ಇವಳನ್ನ ನೀವೇ ಇಟ್ಕೊಳ್ಳಿ ಅಂತ. ಚಿಕ್ಕವಳಿದ್ದಾಗ ನಾನು ಅವರ ಮುಖಾನೇ ನೋಡ್ತಿದ್ದೆ, ಯಾರು ಹೂಂ ಅಂತಾರೋ ಅಂತ. ಅವರೆಲ್ಲ ನಕ್ಕುಬಿಡ್ತಿದ್ರು. ಆಸ್ಪತ್ರೆಯಿಂದ ನನ್ನ ಕರ್ಕೊಂಡು ಹೋದಾಗ, ಕೊನೆಗೂ ಯಾರೋ ಹೂಂ ಅಂದ್ರು ಅನ್ಕೊಂಡೆ.”

ನನಗೆ ಇಬ್ಬರು ಮಕ್ಕಳು. ಅವರ ಬಗ್ಗೆ ನಾನು ಯಾರ ಮುಂದೆ ಏನೇನು ಅಂದಿದ್ದೆ ಅಂತ ಆ ಕ್ಷಣ ಯೋಚಿಸಲು ಧೈರ್ಯ ಬರಲಿಲ್ಲ.

ತಾಯಿ ಅಳಲಿಲ್ಲ. ಅತ್ತಿದ್ದರೆ ನೋಡಬಹುದಿತ್ತು. ಮಗಳ ಕಡೆ ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ಎಳೆದುಕೊಂಡಳು. ಕೌನ್ಸೆಲರ್ ಬಹಳ ನಿಧಾನವಾಗಿ, “ನಿಮಗೆ ನಿಮ್ಮ ಮಗಳು ಮನೆಗೆ ಬರಬೇಕೇ?” ಎಂದು ಕೇಳಿದಳು. ನಾನು ದಾಟಿಸಿದೆ. ತಾಯಿಗೆ ತನ್ನ ನಾಲಿಗೆಯ ಮೇಲೇ ಭಯ ಹುಟ್ಟಿಬಿಟ್ಟಿತ್ತು. ನನ್ನ ಕಡೆ ಬಾಗಿ, ಗುಟ್ಟಿನಲ್ಲಿ ಕೇಳುವಂತೆ ಕೇಳಿದಳು.

“ಅಕ್ಕಾರ, ನಾ ಈಗ ಏನಂತ ಹೇಳಬೇಕ್ರಿ? ಯಾವ ಮಾತು ಆಡಿದ್ರ ನನ್ನ ಮಗಳನ್ನ ಕೊಡ್ತಾರ? ನೀವ ಹೇಳಿಕೊಡ್ರಿ. ತಪ್ಪಿಲ್ಲದಂಗ ಹೇಳತೇನ್ರಿ.”

ಹೇಳಿಕೊಡುವಂತಿರಲಿಲ್ಲ. ಗುಟ್ಟಿನ ಮಾತನ್ನೂ ಬಿಡುವಂತಿರಲಿಲ್ಲ. ಹಾಗೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ: ಯಾವ ಮಾತು ಆಡಿದರೆ ನನ್ನ ಮಗಳನ್ನು ನನಗೆ ಕೊಡುತ್ತಾರೆ, ಹೇಳಿಕೊಡಿ. ಅರ್ಧದಲ್ಲಿ ನನ್ನ ದನಿ ಒಡೆಯಿತು. ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ.

ಹುಡುಗಿ ಆಗ ತಾಯಿಯನ್ನು ನೋಡಿದಳು. ಎದ್ದು ಬಂದು ಮಧ್ಯದ ಖಾಲಿ ಕುರ್ಚಿಯಲ್ಲಿ ಕೂತಳು. ಅವತ್ತು ಅವಳಾಡಿದ ಒಂದೇ ಕನ್ನಡದ ಮಾತು ಅದು: “ಈಗ ಹೇಳಿದಿಯಲ್ಲ ಅವ್ವ. ಸಾಕು. ಮನೀಗೆ ಹೋಗೂಣು.”

ತಾಯಿ ಅಷ್ಟಕ್ಕೇ ಕಾದಿದ್ದವಳಂತೆ ಎದ್ದಳು. ಗೂಟಕ್ಕೆ ತಗುಲಿಸಿದ್ದ ಮಗಳ ಜಾಕೆಟ್ ತಂದು, ತೋಳು ತೂರಿಸಿ, ಪುಟ್ಟ ಮಗುವಿಗೆ ಹಾಕಿದಂತೆ ಗಂಟಲವರೆಗೆ ಜಿಪ್ ಎಳೆದಳು. ಹುಡುಗಿ ಸುಮ್ಮನೆ ನಿಂತು ಹಾಕಿಸಿಕೊಂಡಳು. ತಾಯಿ ಅವಳ ಕೈ ಹಿಡಿದು ಬಾಗಿಲ ಕಡೆ ಹೊರಟೇಬಿಟ್ಟಳು.

ಕೌನ್ಸೆಲರ್ ಅವಸರದಲ್ಲಿ ಎದ್ದು ಅಡ್ಡ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಮನೆಗೆ ಕಳಿಸಿ ಎಂದೇ ಜಡ್ಜಿಗೆ ಹೇಳುವೆ ಎಂದಳು. ಆದರೆ ತೀರ್ಮಾನ ಜಡ್ಜಿನದು, ಮುಂದಿನ ಹಿಯರಿಂಗಿಗೆ ಇನ್ನೂ ಸಮಯವಿದೆ, ಫಾಸ್ಟರ್ ತಾಯಿ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾಳೆ. ಇವತ್ತು ನಿಮ್ಮ ಜೊತೆ ಕಳಿಸಲಾರೆ.

ನಾನು ಕನ್ನಡದಲ್ಲಿ ಹೇಳಿದೆ. “ಇವತ್ತು ನಿಮ್ಮ ಮಗಳನ್ನ ನಾನು ನಿಮ್ಮ ಜೊತೆ ಕಳಿಸೋಕಾಗಲ್ಲ.”

ತಾಯಿ ಕೌನ್ಸೆಲರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಮಗಳ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು.

“ನೀವೂ ಒಬ್ಬ ತಾಯಿ ಅದೀರಿ. ನನ್ನ ಮಗಳನ್ನ ನನಗ ಯಾಕ್ರಿ ಕೊಡವಲ್ರಿ ನೀವು?”

ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.