ಮೆಟ್ಟಿಲ ಕೆಳಗಿನ ಅಂಚೆಮನೆ

ರೋಗ ಪರೀಕ್ಷೆಯ ಲ್ಯಾಬಿನ ಶಟರ್ ಅರ್ಧ ಮಾತ್ರ ಮೇಲೇರಿದೆ. ಬೀದಿದೀಪ ಇನ್ನೂ ಆರಿಲ್ಲ. ಬಗ್ಗಿ ಒಳಬಂದ ಟಪಾಲಕ್ಕ ಚಪ್ಪಲಿ ಬಿಟ್ಟವರೇ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಗೆ ಹೋಗಿ, ಹಳೆಯ ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಡುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ರಾತ್ರಿ ಇಮೇಲ್‌ನಲ್ಲಿ ಹೊರಟ ವರದಿಗಳೆಲ್ಲ ತಲುಪಿವೆ. ಒಂದು ಮಾತ್ರ ಹೋಗದೆ ನಿಂತಿದೆ. ದೊಡ್ಡಾಸ್ಪತ್ರೆಯ ಸರ್ಜನ್‌ಗೆ ಸೇರಬೇಕಾದ ಗಡ್ಡೆಯ ವರದಿ ಅದು. ಕಣ್ಣಾರೆ ಓದದೆ ಅವರು ಕತ್ತಿ ಹಿಡಿಯುವವರಲ್ಲ, ಆಪರೇಷನ್ ಇರುವುದು ಈ ಬೆಳಿಗ್ಗೆಯೇ.

"ಆಸ್ಪತ್ರೆಯೋರು ಮೊನ್ನೆ ಮೇಲ್‌ಗೆ ಹೊಸ ಮೆಷೀನ್ ಹಾಕಿದಾರೆ. ಅದಕ್ಕೆ ನಮ್ಮ ಗುರುತಿಲ್ಲ, ಆಮೇಲೆ ಬಾ ಅಂತಿದೆ. ನಮ್ಮದು ಬಿಡಲ್ಲ, ಮತ್ತೆ ಬಾಗಿಲು ತಟ್ಟುತ್ತೆ" ಎಂದು ಅವರ ಕೆಲಸ ನೋಡಲು ಜೊತೆಗೆ ಬಂದ ನನಗೆ ಹೇಳುತ್ತಾರೆ.

ಎಲ್ಲರೂ ಟಪಾಲಕ್ಕ ಎಂದೇ ಕರೆಯುವ ಇವರು ಅಸಲಿಗೆ ಇಲ್ಲಿನ ಕೌಂಟರಿನಲ್ಲಿ ಕೂರುವವರು. ಲ್ಯಾಬು ಹಿಂದೆ ಪುಕ್ಕಟೆ ಇಮೇಲ್‌ನಲ್ಲಿ ವರದಿ ಕಳಿಸುತ್ತಿತ್ತು. ಒಂದು ದಿನ ಆ ಖಾತೆಗೆ ಬೀಗ ಬಿತ್ತು. ಯಾಕೆಂದು ಕೇಳೋಣವೆಂದರೆ ಅತ್ತ ಕಡೆ ಮನುಷ್ಯರೇ ಇಲ್ಲ. ವರದಿ ತಲುಪದೆ ಆಪರೇಷನ್ ತಪ್ಪಿಹೋದ ಹೆಂಗಸೊಬ್ಬರು ಕೌಂಟರಿನ ಮುಂದೆ ಬಂದು ನಿಂತರು. "ಬೈಲಿಲ್ಲ, ಅಳಲಿಲ್ಲ. ಸುಮ್ನೆ ನಿಂತಿದ್ರು. ಬೈದಿದ್ರೆ ಮರೆತುಬಿಡ್ತಿದ್ನೇನೋ."

ಅವತ್ತೇ ಹಟ ಹಿಡಿದರು. "ಬಾಡಿಗೆ ಮನೇಲಿ ಮೊಳೆ ಹೊಡೆಯೋಕೂ ಕೇಳ್ಬೇಕು. ನಮ್ಮದೇ ಒಂದು ಗೂಡಿರಲಿ ಅಂದೆ." ಲ್ಯಾಬಿನದೇ ಆದ ಇಂಟರ್ನೆಟ್ ಹೆಸರು, ಅಂದರೆ ಡೊಮೇನ್ ಕೊಂಡು, ಮೂಲೆಗೆ ಬಿದ್ದಿದ್ದ ಕಂಪ್ಯೂಟರನ್ನು ಒರೆಸಿ ಮೇಲ್ ಕಳಿಸುವ ಸರ್ವರ್ ಮಾಡಲು ಕೂತರು. ಬೇರೆ ಸರ್ವರ್‌ಗಳು ನಂಬಬೇಕಾದರೆ, ಈ ಹೆಸರಿನವರು ಈ ವಿಳಾಸದಲ್ಲೇ ಇದ್ದಾರೆಂದು ಇಂಟರ್ನೆಟ್ ಕಂಪನಿ ಸಾಕ್ಷಿ ಹೇಳಬೇಕಂತೆ. ಆ ಸಾಕ್ಷಿಗಾಗಿ ಕಂಪನಿಯ ಕಚೇರಿಗೆ ಅಲೆದಲೆದು ಅವರ ಚಪ್ಪಲಿ ಸವೆಯಿತು.

ಎಲ್ಲ ಕೂಡಿಬಂತು ಎನ್ನುವಾಗ ಹೊಸ ಎಡವಟ್ಟು: ಡಾಕ್ಟರುಗಳಿಗೆ ಕಳಿಸಿದ್ದೆಲ್ಲ ಸೀದಾ ಸ್ಪ್ಯಾಮ್ ಪೆಟ್ಟಿಗೆಗೆ. ಲ್ಯಾಬಿನ ಡಾಕ್ಟರಮ್ಮ, "ಈ ತಿಂಗಳು ನೋಡಿ, ಆಗದಿದ್ರೆ ಬಿಟ್ಟುಬಿಡೋಣ" ಎಂದರು. ತಲೆ ಕೆರೆದುಕೊಂಡು ಹುಡುಕಿದರೆ ಕಳ್ಳರು ಮನೆಯಲ್ಲೇ ಇದ್ದರು. ಸರ್ವರ್ ನಡೆಯುತ್ತಿದೆಯೇ ನೋಡಲು ಟಪಾಲಕ್ಕ ಗಂಡನಿಗೆ, ನಾದಿನಿಗೆ, ಭಾವನಿಗೆ ಮೇಲಿಂದ ಮೇಲೆ ಮೇಲ್ ಕಳಿಸಿದ್ದರು. ರೋಸಿಹೋದ ಮೂವರೂ ಎಲ್ಲವನ್ನೂ ಸ್ಪ್ಯಾಮ್ ಎಂದು ಒತ್ತಿಬಿಟ್ಟಿದ್ದರು. ಈ ಮೂವರ ಇಮೇಲು ಯಾವ ಕಂಪನಿಯದೋ ಡಾಕ್ಟರುಗಳದೂ ಅದೇ ಕಂಪನಿಯದು. ಹೊಸ ಡೊಮೇನಿಗೆ ಹುಟ್ಟುತ್ತಲೇ ಕೆಟ್ಟ ಹೆಸರು.

"ದಿನವಿಡೀ 'ಪರೀಕ್ಷೆ, ಪರೀಕ್ಷೆ' ಅಂತ ಬಂದ್ರೆ? ಹೆಂಡ್ತಿ ಕಳಿಸಿದ್ದು ಅಂತ ಎಷ್ಟೂಂತ ಸಹಿಸ್ಕೊಳೋದು?" ಎನ್ನುತ್ತಾರೆ ಟೈಲರ್ ಆಗಿರುವ ಗಂಡ. ಟಪಾಲಕ್ಕ ಮನೆಮನೆಗೆ ಹೋಗಿ, ಎದುರು ಕೂತು, ಒಂದೊಂದನ್ನೂ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿಸಿದರು. ಅಷ್ಟಕ್ಕೂ ಬಿಡದೆ, ದಿನಾ ಒಂದು ಮೇಲ್‌ಗೆ ಉತ್ತರ ಬರೆಯಬೇಕೆಂದು ಮೂವರಿಗೂ ತಾಕೀತು ಮಾಡಿದರು. ಹೆಸರು ನಿಧಾನವಾಗಿ ಸುಧಾರಿಸಿತು. ಗಂಡ ಇವತ್ತಿಗೂ ಬರೆಯುತ್ತಾರೆ: "ಬಂತು. ಊಟದ ಡಬ್ಬಿ ಮರೆತಿದ್ದೀಯ."

ಬೀದಿದೀಪ ಆರಿದೆ. ಟಪಾಲಕ್ಕ ಪರದೆಯಿಂದ ಕಣ್ಣು ಕೀಳುವುದಿಲ್ಲ, ನಾನೂ ಪಕ್ಕಕ್ಕೆ ಬಗ್ಗಿ ನೋಡುತ್ತೇನೆ. ಹೋಗದೆ ನಿಂತಿದ್ದ ವರದಿಯ ಸಾಲು ಪರದೆಯಿಂದ ಸರಕ್ಕನೆ ಮಾಯವಾಗುತ್ತದೆ, ಹೋಯಿತು ಎಂದರ್ಥ. ಸ್ವಲ್ಪ ಹೊತ್ತಿಗೆ ಸರ್ಜನ್ ಉತ್ತರ: "ಸಿಕ್ಕಿತು. ಶುರು ಮಾಡುತ್ತೇವೆ."

ವರದಿಯಲ್ಲಿ ಏನಿತ್ತು ಎಂದು ಕೇಳುತ್ತೇನೆ.

"ಅದನ್ನ ನಾನು ತೆರೆಯಲ್ಲ. ತೆರೆಯೋರ ಕೈ ಸೇರ್ತಲ್ಲ, ಸಾಕು."

ಎದ್ದು ಹೋಗಿ ಶಟರನ್ನು ಪೂರ್ತಿ ಎತ್ತುತ್ತಾರೆ. ಅಂದು ಆ ಹೆಂಗಸು ನಿಂತಿದ್ದ ಕೌಂಟರಿನ ಮುಂದೆ ಈಗ ಯಾರೂ ಇಲ್ಲ. ಆ ಖಾಲಿ ಜಾಗವನ್ನೇ ಒಂದು ಗಳಿಗೆ ನೋಡಿ, "ಇವತ್ತೂ ಹೀಗೇ ಇರಲಿ" ಎನ್ನುತ್ತಾರೆ.